ಎಡಗಡೆಯ ಕೆರೆ

ನನ್ನ ಮಾವ ತೀರಿಕೊಂಡು ಕೆಲವು ವರ್ಷಗಳಾದವು. ಚಳಿ ಶುರುವಾಗಿ, ಮಲ್ಕಾಜ್‌ಗಿರಿಯ ನಮ್ಮ ಮನೆಯಲ್ಲಿ ಬೆಳಗಿನ ಬಿಸಿಲಿಗೆ ಕುರ್ಚಿಗಳು ಹೊರಗೆ ಬರುವ ಹೊತ್ತಿಗೆ ಅವರು ತುಂಬ ನೆನಪಾಗುತ್ತಾರೆ. ಬದುಕಿದ್ದಾಗ ಅವರು ಆ ಬಿಸಿಲಿನಲ್ಲಿ ಕೂತದ್ದು ಬಹಳ ಕಡಿಮೆ. ಕೊಪ್ಪಳದ ಕಡೆಯಿಂದ ಚಿಕ್ಕ ವಯಸ್ಸಿಗೇ ಬಂದು ರೈಲ್ವೆ ಸೇರಿದವರು, ಆಯುಷ್ಯದ ಬಹುಭಾಗ ಗೂಡ್ಸ್ ಗಾಡಿ ಓಡಿಸಿದರು. ಸಿಕಂದರಾಬಾದಿನಿಂದ ವಾಡಿಯ ಕಡೆಗೆ ಹೋಗುವುದು, ಅಲ್ಲಿ ಡ್ರೈವರುಗಳು ತಂಗುವ ರನ್ನಿಂಗ್ ರೂಮಿನಲ್ಲಿ ಒಂದಿಷ್ಟು ನಿದ್ದೆ, ಮತ್ತೆ ಸಿಮೆಂಟಿನ ವ್ಯಾಗನ್ ಸಾಲು ಎಳೆದುಕೊಂಡು ವಾಪಸು.

ನಾನು ಮದುವೆಯಾಗಿ ಆ ಮನೆಗೆ ಬಂದಾಗ ನನಗೆ ಮೊದಲು ಕಲಿಸಿದ ಪಾಠ ಕುಕ್ಕರಿನದು. ಮಾವ ಡ್ಯೂಟಿ ಮುಗಿಸಿ ಮಲಗಿದ್ದರೆ ಸೀಟಿ ಹೊಡೆಯಬಾರದು. ಸೀಟಿ ಬರುವ ಮುನ್ಸೂಚನೆ ಸಿಕ್ಕೊಡನೆ ಚಮಚದಿಂದ ಅದನ್ನು ಮೆಲ್ಲಗೆ ಎತ್ತಿ ಹಬೆ ಬಿಡಬೇಕು. ಅತ್ತೆ ಅದನ್ನು ಅದೆಷ್ಟು ನಾಜೂಕಾಗಿ ಮಾಡುತ್ತಿದ್ದರೆಂದರೆ, ಪಕ್ಕದಲ್ಲೇ ನಿಂತವರಿಗೂ ಕೇಳಿಸುತ್ತಿರಲಿಲ್ಲ. ಹಾಗಾಗಿ ಒಂದೇ ಮನೆಯಲ್ಲಿದ್ದೂ ಮಾವನ ಜೊತೆ ನಾನು ಮಾತಾಡಿದ್ದು ಅಷ್ಟಕ್ಕಷ್ಟೆ. ಅವರು ಎದ್ದಾಗ ನಾನು ಬಾಲಾನಗರದ ಫ್ಯಾಕ್ಟರಿಯಲ್ಲಿರುತ್ತಿದ್ದೆ. ನಾನು ಮನೆಯಲ್ಲಿದ್ದಾಗ ಅವರು ಎಂಜಿನ್ನಿನಲ್ಲಿ.

ನಿವೃತ್ತರಾದ ಮೇಲೆ ಅವರಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಎದ್ದು, ಮುಖ ತೊಳೆದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕುರ್ಚಿಯಲ್ಲಿ ಕೂತುಬಿಡುತ್ತಿದ್ದರು. ಯಾರೋ ಬಂದು ಡ್ಯೂಟಿಗೆ ಕರೆಯುತ್ತಾರೆ ಎಂಬಂತೆ. ಅತ್ತೆ ಚಹಾ ಕೊಟ್ಟು, "ಯಾರೂ ಬರಾಂಗಿಲ್ರಿ, ಮಕ್ಕೋರಿ" ಎನ್ನುತ್ತಿದ್ದರು.

ಆ ದಿನಗಳಲ್ಲಿ ನನಗೆ ಹಕ್ಕಿ ನೋಡುವ ಹುಚ್ಚು ಹೊಸದಾಗಿ ಹತ್ತಿತ್ತು. ಫ್ಯಾಕ್ಟರಿಯ ಹಿರಿಯ ಸಹೋದ್ಯೋಗಿಯೊಬ್ಬರು ಒಂದು ಭಾನುವಾರ ಊರ ಹೊರಗಿನ ಕೆರೆಗೆ ಕರೆದುಕೊಂಡು ಹೋಗಿ, ತಮ್ಮ ದುರ್ಬೀನನ್ನು ನನ್ನ ಕೈಗಿಟ್ಟರು. ಅದರೊಳಗೆ ಮಿಂಚುಳ್ಳಿಯೊಂದು ತಂತಿಯ ಮೇಲೆ ಕೂತು ನನ್ನನ್ನೇ ದಿಟ್ಟಿಸಿದಂತಿತ್ತು. ಅಷ್ಟು ಸಾಕಾಯಿತು. ಸೆಕೆಂಡ್ ಹ್ಯಾಂಡ್ ದುರ್ಬೀನೊಂದನ್ನು ಕೊಂಡು, ರಜೆ ಸಿಕ್ಕಾಗೆಲ್ಲ ಹೋಗತೊಡಗಿದೆ. ಅತ್ತೆ ಇದನ್ನು ಒಪ್ಪಲೂ ಇಲ್ಲ, ಬೇಡವೆನ್ನಲೂ ಇಲ್ಲ. "ಗುಬ್ಬಿ ನೋಡಾಕ ಪೆಟ್ರೋಲ್ ಸುಟ್ಟು ಹೋಗ್ತಾರ" ಎಂದು ಪಕ್ಕದ ಮನೆಯವರಿಗೆ ಹೇಳುತ್ತಿದ್ದರಂತೆ.

ಒಂದು ಭಾನುವಾರ ಹಾಗೆಯೇ ಹೋಗಿ ಬಂದು, ಬಾಗಿಲಲ್ಲಿ ಬೂಟಿನ ಕೆಸರು ಕೆರೆಯುತ್ತಿದ್ದೆ. ಮಾವ ಕುರ್ಚಿಯಿಂದಲೇ ಕೇಳಿದರು:

"ಏನ್ ನೋಡಿದಿ ಇವತ್ತ?"

ಅವರು ತಾವಾಗಿ ನನ್ನನ್ನು ಏನಾದರೂ ಕೇಳಿದ್ದು ಅಪರೂಪವಾದ್ದರಿಂದ ನಾನು ತಡವರಿಸಿದೆ. ಬಾತುಗಳು, ಕೊಕ್ಕರೆಗಳು, ಚಮಚದಂಥ ಕೊಕ್ಕಿನ ಒಂದು ಬಿಳಿ ಹಕ್ಕಿ ಎಂದೆಲ್ಲ ಹೇಳಿದೆ. ಅವರು ಗಮನವಿಟ್ಟು ಕೇಳಿ ಹೇಳಿದರು:

"ನಂದೂ ಒಂದ್ ಕೆರಿ ಐತಿ ನೋಡವಾ. ವಿಕಾರಾಬಾದ್ ದಾಟಿದ ಮ್ಯಾಲ. ಚಳಿಗಾಲದಾಗ ಅಲ್ಲಿ ಹಕ್ಕಿ ಬಂದು ಕುಂತಿರತಾವ, ಗೂಡ್ಸ್ ಶೆಡ್ಡಿನಾಗ ಚೀಲ ಇಟ್ಟಂಗ, ಸಾಲಾಗಿ. ಬೂದಿ ಬಣ್ಣ. ಗಾಡಿ ಹೋದ್ರೂ ಏಳಾಂಗಿಲ್ಲ. ಯಾವ ಹಕ್ಕಿ ಅನ್ನೂದು ಇವತ್ತಿಗೂ ಗೊತ್ತಿಲ್ಲ."

"ಇಳಿದು ನೋಡಬೇಕಿತ್ತಲ್ಲ ಮಾವಾರ" ಎಂದೆ, ಯೋಚನೆ ಮಾಡದೆ.

ಅವರು ನಕ್ಕರು. "ಅಷ್ಟು ವ್ಯಾಗನ್ ಬೆನ್ನಿಗೆ ಕಟಗೊಂಡು ಎಲ್ಲಿ ಇಳೀಲಿ? ಒಮ್ಮೆ ಮಾತ್ರ ಸಿಗ್ನಲ್ ಸಿಗಲಾರದ ಅಲ್ಲೇ ನಿಂತಿದ್ದೆ. ಅವತ್ತ ಚೆಂದಾಗಿ ನೋಡಬೇಕಂದ್ರ ಮಂಜು."

ನಾನು ಕೈ ತೊಳೆದುಕೊಂಡು ಬಂದು, "ಹಂಗಾದ್ರ ಹೋಗೂಣಲ್ರಿ" ಎಂದೆ. ಮಾತಿಗೆ ಮಾತು ಎಂದು ಆಡಿದ್ದು. ಅವರ ಮುಖ ನೋಡಿದ ಮೇಲೆ ಅದು ಹಾಗೆ ಉಳಿಯುವಂತಿರಲಿಲ್ಲ.

ಆ ಸಂಜೆಯಿಂದ ನಮ್ಮ ಮನೆಯಲ್ಲಿ ಯೋಜನೆ ಶುರುವಾಯಿತು. ಪ್ಯಾಸೆಂಜರ್ ಗಾಡಿ ಹಿಡಿಯೋಣವೆಂದರೆ ಆ ಕೆರೆಯ ಹತ್ತಿರ ಯಾವ ಸ್ಟೇಷನ್ನೂ ಇಲ್ಲ. ಕಾರಿನಲ್ಲಿ ಹೋಗಬೇಕು, ಆದರೆ ಮಾವನಿಗೆ ಆ ಕೆರೆ ಗೊತ್ತಿದ್ದದ್ದು ಹಳಿಯ ಮೇಲಿನಿಂದ ಮಾತ್ರ. ಊರ ಹೆಸರು ಗೊತ್ತಿಲ್ಲ, ರಸ್ತೆ ಗೊತ್ತಿಲ್ಲ. ನಾನು ಮೊಬೈಲಿನಲ್ಲಿ ನಕ್ಷೆ ತೆರೆದರೆ ಅಲ್ಲಿ ಬೆರಳಿಟ್ಟಲ್ಲೆಲ್ಲ ಕೆರೆ. ತೆಲಂಗಾಣದಲ್ಲಿ ಕೆರೆಗಳಿಗೇನು ಬರ? ಮಾವ ಆ ಪುಟ್ಟ ಪರದೆಯನ್ನು ದೂರ ಹಿಡಿದು, ಹತ್ತಿರ ಹಿಡಿದು, "ಇದರಾಗ ಗಾಡಿ ಹೋಗಾಂಗಿಲ್ಲ ಬಿಡು" ಎಂದು ವಾಪಸು ಕೊಟ್ಟರು.

ಆಮೇಲೆ ತಮ್ಮದೇ ರೀತಿಯಲ್ಲಿ ತೋರಿಸಲು ಹೊರಟರು. ಮಂಚದ ಮೇಲಿನ ಚಾದರವನ್ನು ಎಳೆದು ಸಪಾಟು ಮಾಡಿ, ಅದರ ಉದ್ದಕ್ಕೆ ಪೈಜಾಮದ ಲಾಡಿಯನ್ನು ಹಳಿಯಂತೆ ಹಾಸಿದರು. ಅತ್ತೆಯ ಅಡಕೊತ್ತು ವಿಕಾರಾಬಾದಾಯಿತು. ಬಾಚಣಿಗೆ ಸೇತುವೆ. ಎರಡು ಅಡಕೆ ಬೆಟ್ಟೆ ಲೆವೆಲ್ ಕ್ರಾಸಿಂಗ್ ಗೇಟುಗಳು. "ಇಲ್ಲಿ ಏರು ಐತಿ, ಎಂಜಿನ್ ಭಾಳ ಒದ್ದಾಡತದ. ಏರು ಮುಗದ ಕೂಡಲೇ ಕೆರಿ. ಎಡಕ್ಕ" ಎಂದು ಅತ್ತೆಯ ಕೈಬಳೆಯೊಂದನ್ನು ಇಸಿದುಕೊಂಡು ಲಾಡಿಯ ಎಡಗಡೆ ಇಟ್ಟರು.

"ನನ್ನ ಬಳಿ ಯಾಕ ಬೇಕ್ರಿ ನಿಮಗ, ಒಂದ್ ಬಟ್ಟಲಾ ಇಡ್ರಿ" ಎಂದು ಅತ್ತೆ ಗೊಣಗಿದರು. ಆದರೂ ತಿರುಗಿ ಕೇಳಲಿಲ್ಲ. ಆ ಬಳೆ ಮಲಗುವ ಹೊತ್ತಿನವರೆಗೂ ಚಾದರದ ಮೇಲೆ ಕೆರೆಯಾಗಿಯೇ ಇತ್ತು.

ನಾನು ನಕ್ಷೆಯಲ್ಲಿ ಏರು ಹುಡುಕಿ, ಗೇಟು ಹುಡುಕಿ, ಹಳಿಯ ಎಡಕ್ಕೆ ಒಂದು ನೀಲಿ ಮಚ್ಚೆ ಕಂಡುಹಿಡಿದೆ. ಹಳಿಗೂ ಅದಕ್ಕೂ ನಡುವೆ ಒಂದೇ ಹೊಲದಷ್ಟು ದೂರ. "ಇದೇ ಇರಬೇಕ್ರಿ" ಎಂದಾಗ ಮಾವ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಮುಂದಿನ ದಿನಗಳಲ್ಲಿ ನಾನು ಫ್ಯಾಕ್ಟರಿಯಿಂದ ಬರುವುದನ್ನೇ ಕಾಯುತ್ತಿದ್ದರು. ನಾನು ಬಸ್ಸಿಳಿದು ಬಂದು ಚೀಲ ಇಡುವಷ್ಟರಲ್ಲಿ ಅಂದಿನ ಪ್ರಶ್ನೆ ಬರುತ್ತಿತ್ತು. ಹಕ್ಕಿಗೆ ಕೆಂಪು ಅಂಗಿ ಕಂಡರೆ ಹೆದರಿಕೆಯೇ? ಬಿಸಿಲೇರಿದ ಮೇಲೆ ಇರುತ್ತವೋ ಇಲ್ಲವೋ? ಊಟ ಕಟ್ಟಿಕೊಂಡು ಹೋಗುವುದೋ, ತಾಂಡೂರಿನಲ್ಲಿ ಉಣ್ಣುವುದೋ? ಮಾದಾಪುರದ ಆಫೀಸಿನಿಂದ ತಡವಾಗಿ ಬರುತ್ತಿದ್ದ ನನ್ನ ಗಂಡ ಊಟಕ್ಕೆ ಕೂತಾಗ ಇದೆಲ್ಲ ಮತ್ತೊಮ್ಮೆ ಚರ್ಚೆಯಾಗುತ್ತಿತ್ತು. ಅವರು ಒಂದು ದಿನ ಕೈ ತೊಳೆಯುತ್ತಾ ನನಗೆ ಮಾತ್ರ ಕೇಳಿಸುವಂತೆ ಹೇಳಿದರು: "ನಮ್ಮಪ್ಪ ಇಷ್ಟ್ ಮಾತಾಡ್ತಾನ ಅಂತ ನನಗ ಗೊತ್ತಿದ್ದಿಲ್ಲ."

ಆ ಸಲ ಹೋದದ್ದು ನಾವು ಮೂವರೇ. ಅತ್ತೆ ಬರಲಿಲ್ಲ. ಬುತ್ತಿ ಕಟ್ಟಿಕೊಟ್ಟು, "ನೋಡಿ ಬರ್ರಿ, ನಾ ಏನ್ ಮಾಡ್ಲಿ ಅಲ್ಲಿ" ಎಂದರು. ನಸುಕಿನಲ್ಲೇ ಹೊರಟೆವು. ಶಂಕರಪಲ್ಲಿ ದಾಟುವಾಗ ಬೆಳಕು ಹರಿಯಿತು. ಮಾವ ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂತು, ರಸ್ತೆಯ ಪಕ್ಕ ಹಳಿ ಕಾಣಿಸಿದಾಗಲೆಲ್ಲ ಕೈ ಎತ್ತಿ ತೋರಿಸುತ್ತಿದ್ದರು.

ವಿಕಾರಾಬಾದ್ ದಾಟಿ, ಡಾಂಬರು ಬಿಟ್ಟು, ಹತ್ತಿಯ ಹೊಲಗಳ ನಡುವಿನ ಮಣ್ಣಿನ ದಾರಿ ಹಿಡಿದೆವು. ನೀಲಿ ಮಚ್ಚೆ ಇದ್ದ ಜಾಗ ಸಿಕ್ಕಿತು. ಅಲ್ಲಿ ನೀರಿರಲಿಲ್ಲ. ಬಿರುಕು ಬಿಟ್ಟ ತಳ, ಒಂದಿಷ್ಟು ಜಾಲಿ, ಒಂದು ಮೂಲೆಯಲ್ಲಿ ಇಟ್ಟಿಗೆ ಭಟ್ಟಿ. ಎಮ್ಮೆಗಳು ಮೇಯುತ್ತಿದ್ದವು, ಅವುಗಳ ಬೆನ್ನ ಮೇಲೆ ಎರಡು ಬೆಳ್ಳಕ್ಕಿ ಇದ್ದವು, ಅಷ್ಟೇ. ನನ್ನ ಗಂಡ ಎಮ್ಮೆ ಕಾಯುತ್ತಿದ್ದ ಮುದುಕನನ್ನು ತೆಲುಗಿನಲ್ಲಿ ವಿಚಾರಿಸಿದರು. ಇಲ್ಲಿ ದೊಡ್ಡ ಹಕ್ಕಿಗಳು ಬಂದದ್ದನ್ನು ತಾನು ಯಾವತ್ತೂ ನೋಡಿಲ್ಲ, ಮಳೆಗಾಲ ಬಿಟ್ಟರೆ ಇದರಲ್ಲಿ ನೀರೇ ನಿಲ್ಲುವುದಿಲ್ಲ ಎಂದ ಅವನು.

ಮಾವ ಏರಿಯ ಮೇಲೆ ಹೋಗಿ ನಿಂತರು. ಹಳಿಯ ಕಡೆ ನೋಡಿದರು, ಒಣಗಿದ ತಳದ ಕಡೆ ನೋಡಿದರು. ನಾನು ಹತ್ತಿರ ಹೋದಾಗ, "ಎಷ್ಟ್ ವರ್ಷ ನೋಡೀನಿ. ಎಲ್ಲಿ ಅಂತ ಹೇಳಾಕ ಬರವಲ್ದು ನನಗ" ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು. ಅತ್ತೆ ಕಟ್ಟಿದ್ದ ಬುತ್ತಿಯನ್ನು ಕಾರಿನಲ್ಲೇ ಕೂತು ಬಿಚ್ಚಿದೆವು. ಅವರು ಅರ್ಧ ರೊಟ್ಟಿ ತಿಂದು ಬಿಟ್ಟರು.

ಅದಾದ ಮೇಲೆ ಮನೆಯಲ್ಲಿ ಹಕ್ಕಿಯ ಮಾತು ನಿಂತಿತು. ಮಾವ ಮತ್ತೆ ಇಸ್ತ್ರಿ ಅಂಗಿ ಹಾಕಿಕೊಂಡು ಕುರ್ಚಿಯಲ್ಲಿ ಕೂರತೊಡಗಿದರು. ನಾನು ಬೇರೆ ಕೆರೆಗೆ ಹೋಗೋಣವೆಂದರೆ, "ಆಗ್ಲಿ, ನೋಡೂಣಂತ" ಎನ್ನುವರು. ಅದು ಬೇಡ ಎನ್ನುವ ಅವರ ರೀತಿ.

ಒಂದು ಸಂಜೆ ನಾನೂ ಅತ್ತೆಯೂ ಅಡುಗೆಮನೆಯಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದೆವು. ಮಾವ ಒಳಗೆ ಮಲಗಿದ್ದರು. ಅತ್ತೆ ಸೊಪ್ಪಿನಿಂದ ಕಣ್ಣೆತ್ತದೆ ಕೇಳಿದರು:

"ನೀವು ಕೆರಿ ಎಡಕ್ಕ ಹುಡುಕಿದ್ರಿ. ಹೋಗೂವಾಗಿನ ಎಡಕ್ಕೋ, ಬರೂವಾಗಿನ ಎಡಕ್ಕೋ?"

"ಇಲ್ಲಿಂದ ಹೋಗೂವಾಗಿನ ಎಡಕ್ಕ ರೀ" ಎಂದೆ.

"ಅವ್ರು ಹಕ್ಕಿ ನೋಡತಿದ್ದದ್ದು ಬರೂವಾಗ" ಎಂದರು ಅತ್ತೆ. "ವಾಡಿಯಿಂದ ಮನಿಗೆ ಬಂದ ಕೂಡಲೇ ಹೇಳತಿದ್ರು. ಹೋಗೂವಾಗ ನೋಡಿದ್ರ, ನಡುವ ಅಲ್ಲಿ ಉಂಡು ಮಕ್ಕೊಂಡು ಎದ್ದು ಬರೂದ್ರಾಗ ಮರತ ಹೋಗತಿದ್ರು."

ನನ್ನ ಕೈಯ ಸೊಪ್ಪು ಹಾಗೇ ನಿಂತಿತು. ಡ್ರೈವರು ಎಂಜಿನ್ನಿನಲ್ಲಿ ಕೂರುವುದು ಎಡಗಡೆ. ಅವರು ನೋಡುವುದೂ ಎಡಗಡೆಯದನ್ನೇ. ವಾಪಸು ಬರುವಾಗಿನ ಎಡ, ನಮಗೆ ಹೋಗುವಾಗ ಬಲ. ಇಷ್ಟು ಸರಳ ಸಂಗತಿ ನಮ್ಮ ಮೂವರಿಗೂ ಹೊಳೆದಿರಲಿಲ್ಲ. ಮಾವನಿಗೂ ಕೂಡ! ಮಂಚದ ಮೇಲೆ ಅವರು ಮನೆಯಿಂದ ಹೊರಟವರಂತೆ ಲಾಡಿ ಹಾಸಿದ್ದರು, ಆದರೆ ಕೆರೆಯನ್ನು ಮನೆಗೆ ಬರುವವರಂತೆ ಇಟ್ಟಿದ್ದರು.

"ಅತ್ತ್ಯಾರ, ಅವತ್ತೇ ಯಾಕ ಹೇಳಲಿಲ್ರಿ?"

"ನನ್ನ ಯಾರು ಕೇಳಿದ್ರಿ?" ಎಂದು ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ, ಸೊಪ್ಪನ್ನು ಬುಟ್ಟಿಗೆ ಹಾಕುತ್ತ, ನಾನು ಕೇಳದಿದ್ದ ಇನ್ನೊಂದನ್ನು ಹೇಳಿದರು. ಅದು ಇವತ್ತಿಗೂ ನನ್ನ ಕಿವಿಯಲ್ಲಿದೆ.

"ಚಳಿಗಾಲ ಬಂತಂದ್ರ ನಾ ಕಾಯತಿದ್ದೆ ನೋಡು, ಹಕ್ಕಿ ಮಾತು ತಗೀತಾರೇನು ಅಂತ. ಬಂದು ಕೈಕಾಲ್ ತೊಳಕೊಂತ 'ಇವತ್ತೂ ಕುಂತಿದ್ವು' ಅಂದ್ರು ಅಂದ್ರ, ಗಾಡಿ ಸುಸೂತ್ರ ಬಂದೈತಿ ಅಂತ ನನಗ ಸಮಾಧಾನ. ಕೆಲವೊಮ್ಮೆ ಏನೂ ಅಂತಿದ್ದಿಲ್ಲ. ಸೀದಾ ಬಚ್ಚಲಕ್ಕ ಹೋಗಿ ತಲಿಮ್ಯಾಲ ನೀರ್ ಸುರಕೊಂತಿದ್ರು. ಅವತ್ತ ಹಳಿ ಮ್ಯಾಲ ಏನೋ ಆಗೇತಿ ಅಂತ ತಿಳೀತಿತ್ತು. ದನಾನೋ, ಮನುಷ್ಯಾನೋ. ನಾ ಕೇಳಲಿಲ್ಲ. ಅವ್ರು ಹೇಳಲಿಲ್ಲ. ಬಿಸಿ ಅನ್ನ ಹಾಕತಿದ್ದೆ, ಉಣತಿದ್ರು, ಮಕ್ಕೋತಿದ್ರು."

ಕುಕ್ಕರಿನ ಸೀಟಿಯನ್ನು ಚಮಚದಿಂದ ಎತ್ತಿ ಹಿಡಿಯುತ್ತಿದ್ದ ಆ ಕೈಗಳನ್ನು ಇಷ್ಟು ವರ್ಷ ನೋಡಿದ್ದೆ. ಅವು ಯಾವ ನಿದ್ದೆಯನ್ನು ಕಾಯುತ್ತಿದ್ದವೆಂದು ಆಗ ತಿಳಿಯಿತು.

ಮಾವ ಎದ್ದು ಬಂದಾಗ ಅತ್ತೆಯೇ ವಿಷಯ ಹೇಳಿದರು. ಅವರು ಮೊದಲು ಒಪ್ಪಲಿಲ್ಲ. ಮಂಚದ ಹತ್ತಿರ ಹೋಗಿ, ಕೈಯನ್ನು ಎಂಜಿನ್ನಿನ ಥ್ರಾಟಲ್ ಹಿಡಿದಂತೆ ಮಾಡಿ, ಒಮ್ಮೆ ಗೋಡೆಯ ಕಡೆ ಮುಖ ಮಾಡಿ ಕೂತರು, ಒಮ್ಮೆ ಬಾಗಿಲ ಕಡೆ ಮುಖ ಮಾಡಿ ಕೂತರು. ಆಮೇಲೆ ಹಣೆ ಬಡಿದುಕೊಂಡು, "ಖರೆ ಐತಿ. ಸೂರ್ಯ ಎದುರಿಗೆ ಏಳತಿದ್ದ. ಬರೂವಾಗನಽ ಅದು" ಎಂದರು. ಅತ್ತೆಯನ್ನು ನೋಡಿ, "ಈಕೀನೂ ಕರಕೊಂಡು ಹೋಗಬೇಕ ಈ ಸರೆ" ಎಂದರು.

"ನಾ ಒಲ್ಲೆ" ಎಂದರು ಅತ್ತೆ. ಮರುದಿನ ನೋಡಿದರೆ ಸಜ್ಜೆ ಹಿಟ್ಟು ಬೀಸಿಸಿಕೊಂಡು ಬಂದಿದ್ದರು.

ಎರಡನೆಯ ಯೋಜನೆ ಮೊದಲಿನದಕ್ಕಿಂತ ದೊಡ್ಡದಾಯಿತು, ಏಕೆಂದರೆ ಈಗ ಅತ್ತೆಯದೂ ಅದರಲ್ಲಿ ಪಾಲಿತ್ತು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಮೊಸರನ್ನ. ಕೆಳಗೆ ಹಾಸಲು ಒಂದು ಜಮಖಾನೆ. ಮಾವನಿಗೆ ಮಫ್ಲರ್. ಕೆರೆಯ ಹತ್ತಿರ ಗದ್ದಲ ಮಾಡಬಾರದೆಂದು ನಾನು ಹೇಳಿದ್ದಕ್ಕೆ, ಸ್ಟೀಲ್ ಡಬ್ಬಿಗಳ ಬದಲು ಎಲ್ಲವನ್ನೂ ಬಟ್ಟೆಯಲ್ಲಿ ಕಟ್ಟಿದರು. ಬಳೆಗಳನ್ನೂ ಮೇಲಕ್ಕೆ ಸರಿಸಿ ಬಿಗಿ ಮಾಡಿಕೊಂಡು ಕಾರು ಹತ್ತಿದರು.

ಈ ಸಲ ಹಳಿಯ ಬಲಕ್ಕೆ ತಿರುಗಿದೆವು. ಒಂದು ಸಣ್ಣ ಊರು ಬಂತು. ನಲ್ಲಿಯ ಹತ್ತಿರ ನೀರು ಹಿಡಿಯುತ್ತಿದ್ದ ಹೆಂಗಸನ್ನು ಮಾವ ತಮ್ಮ ರೈಲ್ವೆ ತೆಲುಗಿನಲ್ಲಿ, "ಚೆರುವು ಎಕ್ಕಡಮ್ಮಾ?" ಎಂದು ಕೆರೆಯ ದಾರಿ ಕೇಳಿದರು. ಅವಳು ಕೊಡ ಕೆಳಗಿಡದೆಯೇ ಗಲ್ಲದಿಂದ ದಾರಿ ತೋರಿಸಿದಳು. ತೊಗರಿ ಹೊಲದ ಬದುವಿನಲ್ಲಿ ಸಾಲಾಗಿ ನಡೆದೆವು. ಏರಿಯ ಹತ್ತಿರ ಬಂದಾಗ ನಾನು ಎಲ್ಲರನ್ನೂ ಬಾಗಿಸಿದೆ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಣಕಾಲು ಹಿಡಿದುಕೊಂಡು, ನಮ್ಮೆಲ್ಲರಿಗಿಂತ ಶಿಸ್ತಾಗಿ ಬಾಗಿ ನಡೆದರು.

ಅವು ಅಲ್ಲಿದ್ದವು.

ನೀರಿನ ಆಚೆ ದಡದಲ್ಲಿ, ಹಳಿಯ ಕೆಳಗೆ, ಬೂದಿ ಬಣ್ಣದ ದೊಡ್ಡ ಹಕ್ಕಿಗಳು ಸಾಲುಸಾಲಾಗಿ ಕೂತಿದ್ದವು. ನಿಜಕ್ಕೂ ಚೀಲ ಜೋಡಿಸಿಟ್ಟ ಹಾಗೆಯೇ. ನಾನು ದುರ್ಬೀನು ಸರಿಮಾಡಿ ನೋಡಿದೆ. ಬಿಳಿಯ ತಲೆ, ಅದರ ಹಿಂಭಾಗಕ್ಕೆ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕು. ಪಟ್ಟೆತಲೆ ಹೆಬ್ಬಾತುಗಳು. ಹಿಮಾಲಯ ದಾಟಿ ಬರುವಂಥವು. ಹೆಸರು ಹೇಳದೆ ದುರ್ಬೀನನ್ನು ಮಾವನಿಗೆ ಕೊಟ್ಟೆ.

ಅವರು ಬಹಳ ಹೊತ್ತು ಅದನ್ನು ಕಣ್ಣಿನಿಂದ ತೆಗೆಯಲಿಲ್ಲ. ಕೊನೆಗೆ, "ತಲಿ ಮ್ಯಾಲ ಪಟ್ಟಿ ಅದಾವಲ್ಲೋ" ಎಂದರು ಮಗನಿಗೆ, ಪಿಸುದನಿಯಲ್ಲಿ. "ಇಷ್ಟ್ ವರ್ಷ ಪಟ್ಟಿ ಕಂಡಿದ್ದಿಲ್ಲ ನೋಡು ನನಗ." ನಾನು ಆಗ ಹೆಸರು ಹೇಳಿದೆ, ಎಲ್ಲಿಂದ ಬರುತ್ತವೆಂದೂ ಹೇಳಿದೆ. ಅವರು ತಲೆಯಾಡಿಸಿ, "ಅಷ್ಟ್ ದೂರದ ಡ್ಯೂಟಿ" ಎಂದರು.

ನಂತರ ಅತ್ತೆಯ ಸರದಿ. ದುರ್ಬೀನು ಅವರ ಕನ್ನಡಕಕ್ಕೆ ಹೊಂದುತ್ತಿರಲಿಲ್ಲ. ಕನ್ನಡಕ ತೆಗೆಸಿ, ತಿರುಪು ತಿರುಗಿಸಿ, ನಾನು ಹಿಡಿದುಕೊಂಡು ತೋರಿಸಿದೆ. ಅವರು ನೋಡಿದರು. ಮತ್ತೆ ನೋಡಿದರು. ಆಮೇಲೆ ಮುಖ ಸಣ್ಣದು ಮಾಡಿ, "ಇಷ್ಟಽ ಏನ್ರೀ ಅವು? ಭಾಳ ಸಣ್ಣವು ಅದಾವಲ್ರೀ. ನಾ ಆಳೆತ್ತರ ಇರಬೇಕಂತ ತಿಳಿದಿದ್ದೆ" ಎಂದರು.

ಮಾವ ಬಾಯಿಗೆ ಮಫ್ಲರ್ ಒತ್ತಿಕೊಂಡು ನಗತೊಡಗಿದರು. ಭುಜ ಕುಲುಕುವಷ್ಟು ನಕ್ಕರು. ಅವರ ನಗು ನೋಡಿ ಅತ್ತೆಗೂ ತಡೆಯಲಾಗಲಿಲ್ಲ. ಅಷ್ಟು ವರ್ಷ ಅವರ ಮನಸ್ಸಿನಲ್ಲಿ ಆ ಹಕ್ಕಿಗಳು ಎಷ್ಟೆತ್ತರ ನಿಂತಿದ್ದವೋ ಯಾರಿಗೆ ಗೊತ್ತು. ಹತ್ತಿರದ ಒಂದೆರಡು ಬಾತುಗಳು ಮಾತ್ರ ಕತ್ತೆತ್ತಿ ನಮ್ಮ ಕಡೆ ನೋಡಿ, ಮತ್ತೆ ಸುಮ್ಮನಾದವು.

ಬಿಸಿಲು ಏರಿದ ಮೇಲೆ ಬೇವಿನ ಮರದ ಕೆಳಗೆ ಜಮಖಾನೆ ಹಾಸಿದೆವು. ಊಟದ ನಡುವೆ ವಾಡಿಯ ಕಡೆಯಿಂದ ಒಂದು ಗೂಡ್ಸ್ ಬಂತು. ನೆಲ ಅದುರಿತು, ಹೆಬ್ಬಾತುಗಳು ಕದಲಲಿಲ್ಲ. ಎಂಜಿನ್ನಿನ ಕಿಟಕಿಯಲ್ಲಿ ಡ್ರೈವರಿನ ಮೊಣಕೈ ಮತ್ತು ಮುಖದ ಒಂದು ಪಾಲು ಕಂಡು ಮಾಯವಾಯಿತು. ಅವನು ಈ ಕಡೆ ನೋಡಿದನೋ ಇಲ್ಲವೋ ತಿಳಿಯಲಿಲ್ಲ. ಮಾವ ತುತ್ತು ಕೈಯಲ್ಲೇ ಹಿಡಿದುಕೊಂಡು ಕೊನೆಯ ವ್ಯಾಗನ್ ಹೋಗುವವರೆಗೂ ನೋಡಿದರು. ಗದ್ದಲ ಅಡಗಿದ ಮೇಲೆ, ಅತ್ತೆಯ ಕಡೆ ತಿರುಗಿ ಅವರು ಹೇಳಿದ್ದು ಇಷ್ಟು:

"ಆ ಏರಿನಾಗ ಒಮ್ಮೆ ಒಬ್ಬ ಹುಡುಗಿ ಹಳಿ ಮ್ಯಾಲ ಬಂದು ನಿಂತಿದ್ಲು. ನಿನಗ ಹೇಳಿದ್ದಿಲ್ಲ."

ಅತ್ತೆ ರೊಟ್ಟಿ ಕೆಳಗಿಟ್ಟರು. "ಹೇಳ್ರಿ ಈಗ" ಎಂದರು.

ನನ್ನ ಗಂಡ ನನ್ನ ಮುಖ ನೋಡಿದರು. ನಾವಿಬ್ಬರೂ ಎದ್ದು, ನೀರಿನ ಬಾಟಲಿ ತರುವ ನೆಪದಲ್ಲಿ ಕಾರಿನ ಕಡೆ ನಡೆದೆವು. ಬದುವಿನ ತುದಿಯಲ್ಲಿ ನಿಂತು ತಿರುಗಿ ನೋಡಿದಾಗ, ಮಾವ ತಲೆ ಬಗ್ಗಿಸಿ ಮಾತಾಡುತ್ತಿದ್ದರು. ಅತ್ತೆ ಅವರ ಮೊಣಕಾಲ ಮೇಲೆ ಕೈಯಿಟ್ಟು ಕೇಳುತ್ತಿದ್ದರು. ಅವರು ಏನೇನು ಹೇಳಿದರೆಂದು ನಮಗೆ ಗೊತ್ತಿಲ್ಲ. ಆಮೇಲೆ ನಾನು ಕೇಳಲಿಲ್ಲ, ಅತ್ತೆಯೂ ಹೇಳಲಿಲ್ಲ. ನಾವು ತೊಗರಿ ಹೊಲದ ಅಂಚಿನಲ್ಲಿ ಸಾಕಷ್ಟು ಹೊತ್ತು ನಿಂತೆವು. ನನ್ನ ಗಂಡ ಚಿಕ್ಕಂದಿನಲ್ಲಿ ಅಪ್ಪನ ಎಂಜಿನ್ನಿನಲ್ಲಿ ಕೂರಬೇಕೆಂದು ಹಟ ಮಾಡಿ ಅತ್ತದ್ದನ್ನೂ, ಅಪ್ಪ ಯಾವತ್ತೂ ಒಪ್ಪದಿದ್ದುದನ್ನೂ ಹೇಳಿದರು.

ವಾಪಸು ಬರುವಾಗ ಲೆವೆಲ್ ಕ್ರಾಸಿಂಗ್ ಗೇಟು ಹಾಕಿತ್ತು. ಕಾರು ನಿಲ್ಲಿಸಿದೆವು. ಹಿಂದಿನ ಸೀಟಿನಲ್ಲಿ ಮಾವ ಅತ್ತೆಯ ಭುಜಕ್ಕೆ ತಲೆಯಾನಿಸಿ ನಿದ್ದೆ ಹೋಗಿದ್ದರು, ಬಾಯಿ ಸ್ವಲ್ಪ ತೆರೆದಿತ್ತು. ಗಾಡಿ ದೊಡ್ಡದಾಗಿ ಸೀಟಿ ಹಾಕಿಕೊಂಡು ನಮ್ಮೆದುರೇ ಹಾದುಹೋಯಿತು. ಅವರಿಗೆ ಎಚ್ಚರವಾಗಲಿಲ್ಲ. ಗೇಟು ತೆರೆದ ಮೇಲೆ ಹಿಂದಿನ ಲಾರಿಯವನು ಹಾರ್ನ್ ಹೊಡೆಯತೊಡಗಿದ. ಅತ್ತೆ ಮುಂದಕ್ಕೆ ಬಾಗಿ ಮಗನಿಗೆ, "ಸಾವಕಾಶ ಹೋಗಪಾ" ಎಂದರು.